ಫೇಸ್‌ಲಿಫ್ಟ್: ಚೇತರಿಕೆಯ ದಿನಗಳನ್ನು ಎಣಿಸುವುದು ಹೇಗೆ?

1995ರಲ್ಲಿ ಅಮೆರಿಕದ ನಾಲ್ವರು ಹೆಸರಾಂತ ಪ್ಲಾಸ್ಟಿಕ್ ಸರ್ಜನ್‌ಗಳು ಅಪರೂಪದ ಹೋಲಿಕೆಯೊಂದಕ್ಕೆ ಕೈಹಾಕಿದರು. ಎರಡು ಜೋಡಿ ತದ್ರೂಪಿ ಅವಳಿಗಳು, ಒಟ್ಟು ನಾಲ್ಕು ಮುಖ. ಡೇನಿಯಲ್ ಬೇಕರ್, ಸ್ಯಾಮ್ ಹಮ್ರಾ, ಜಾನ್ ಓಸ್ಲಿ ಮತ್ತು ಆಸ್ಕರ್ ರಮಿರೆಜ್ ಒಬ್ಬೊಬ್ಬರಿಗೆ ತಮ್ಮ ತಮ್ಮ ವಿಧಾನದಲ್ಲಿ ಫೇಸ್‌ಲಿಫ್ಟ್ ಮಾಡಿದರು. ಒಂದು ವರ್ಷ, ಆರು ವರ್ಷ, ಹತ್ತು ವರ್ಷ ಕಳೆದ ಮೇಲೆ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹತ್ತು ವರ್ಷದ ವರದಿ 2009ರಲ್ಲಿ ಪ್ರಕಟವಾಯಿತು. ಇಂಥದ್ದೇ ವಿಧಾನ ಉಳಿದೆಲ್ಲವನ್ನೂ ಸೋಲಿಸಿತು ಎಂಬ ತೀರ್ಪು ಅದರಿಂದ ಬರಲಿಲ್ಲ. ನುರಿತ ಕೈಯಲ್ಲಿ ನಾಲ್ಕೂ ವಿಧಾನಗಳು ಬಹುಕಾಲ ಬಾಳುವ ಫಲ ಕೊಡಬಲ್ಲವು ಎಂಬುದೇ ಅದರ ಒಟ್ಟು ಪಾಠ.

ಹಾಗಿದ್ದರೆ ಆಯ್ಕೆ ಮಾಡುವವರ ಮುಂದೆ ಉಳಿಯುವ ದೊಡ್ಡ ಪ್ರಶ್ನೆ ಚೇತರಿಕೆಯದು. ಎಷ್ಟು ದಿನ ರಜೆ ಹಾಕಬೇಕು, ಮಗಳ ಮದುವೆಗೆ ಎಷ್ಟು ಮುಂಚೆ ಮಾಡಿಸಿಕೊಳ್ಳಬೇಕು, ಯಾವಾಗ ಕನ್ನಡಿ ನೋಡಿ ನೆಮ್ಮದಿಯಾಗುತ್ತದೆ? ಬೆಂಗಳೂರಿನಂಥ ಊರುಗಳಲ್ಲಿ ಜಾಹೀರಾತುಗಳು ಇದಕ್ಕೆ ಸಲೀಸಾಗಿ ಉತ್ತರ ಕೊಡುತ್ತವೆ: ‘ಒಂದೇ ವಾರದಲ್ಲಿ ಕೆಲಸಕ್ಕೆ’, ‘ವೀಕೆಂಡ್ ಫೇಸ್‌ಲಿಫ್ಟ್’, ‘ಲಂಚ್ ಟೈಮ್ ಲಿಫ್ಟ್’. ಈ ಮಾತುಗಳಲ್ಲಿ ಕೆಲವು ಪೂರ್ತಿ ಸುಳ್ಳಲ್ಲ. ಆದರೆ ಯಾವ ದಿನವನ್ನು ‘ಗುಣವಾದ ದಿನ’ ಎಂದು ಎಣಿಸಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ತಿಳಿಯದೆ ಮುಖದ ಮೇಲೆ ಕತ್ತರಿ ಆಡಿಸಲು ಒಪ್ಪಬಾರದು ಎಂಬುದು ಈ ಲೇಖನದ ಕಾಳಜಿ.

ಮೂರು ಬೇರೆ ಬೇರೆ ಲೆಕ್ಕ

ಮೊದಲನೆಯದು ವೈದ್ಯರ ಲೆಕ್ಕ. ಗಾಯ ಕೂಡಿಕೊಂಡಿದೆ, ಹೊಲಿಗೆ ತೆಗೆದಿದೆ, ಸೋಂಕಿಲ್ಲ, ರಕ್ತಸ್ರಾವದ ಭಯ ಕಳೆದಿದೆ. ಇದು ಹೆಚ್ಚುಕಡಿಮೆ ಎರಡು ವಾರದ ಮಾತು.

ಎರಡನೆಯದು ನಾಲ್ಕು ಜನರ ಮುಂದೆ ಹೋಗುವ ಲೆಕ್ಕ. ನೀಲಿಗಟ್ಟಿದ್ದು ಕರಗಿದೆ, ಊತ ಇಳಿದಿದೆ, ಉಳಿದದ್ದನ್ನು ತುಸು ಮೇಕಪ್ ಮರೆಸುತ್ತದೆ, ಎದುರಿಗೆ ಕೂತವರು ‘ಏನಾಯಿತು?’ ಎಂದು ಕೇಳುವುದಿಲ್ಲ. ವಿಧಾನದಿಂದ ವಿಧಾನಕ್ಕೆ ನಿಜವಾಗಿ ಬದಲಾಗುವುದು ಈ ಲೆಕ್ಕವೇ. ಕೆಲವು ದಿನಗಳಿಂದ ಹಿಡಿದು ಆರು ವಾರದವರೆಗೂ ಇದು ಹಿಗ್ಗಬಹುದು.

ಮೂರನೆಯದು ಮುಖದ ಸ್ವಂತ ಲೆಕ್ಕ. ಕೆನ್ನೆಯ ಮರಗಟ್ಟಿದ ಭಾಗಕ್ಕೆ ಸ್ಪರ್ಶ ಮರಳಬೇಕು, ಒಳಗಿನ ಗಡಸುತನ ಮೆತ್ತಗಾಗಬೇಕು, ಕೆಂಪಗಿನ ಗೆರೆ ಮೈಬಣ್ಣಕ್ಕೆ ತಿರುಗಬೇಕು. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಕತ್ತರಿಸಿ ಹೊಲಿಯುವ ವಿಧಾನ ಯಾವುದೇ ಇರಲಿ, ಇದರಲ್ಲಿ ದೊಡ್ಡ ರಿಯಾಯಿತಿಯಿಲ್ಲ.

ಜಾಹೀರಾತು ಹೇಳುವುದು ಬಹುಮಟ್ಟಿಗೆ ಮೊದಲನೆಯ ಲೆಕ್ಕವನ್ನು. ಮಾಡಿಸಿಕೊಳ್ಳುವವರ ಮನಸ್ಸಿನಲ್ಲಿರುವುದು ಎರಡನೆಯದು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ನಿರಾಸೆ ಹುಟ್ಟುವುದು ಈ ಮೂರರ ನಡುವಿನ ಅಂತರದಲ್ಲಿ.

ಚರ್ಮದ ಕೆಳಗಿನ ಪದರಗಳು

ಚೇತರಿಕೆ ಏಕೆ ಬದಲಾಗುತ್ತದೆ ಎಂದು ತಿಳಿಯಲು ಕೆನ್ನೆಯ ಒಳಗನ್ನು ಅರಿಯಬೇಕು. ಮೇಲೆ ಚರ್ಮ, ಅದರಡಿ ಕೊಬ್ಬು, ಅದರಡಿ ತೆಳುವಾದ ಆದರೆ ಗಟ್ಟಿಯಾದ ಒಂದು ಪೊರೆ. ಮುಖಭಾವ ಮೂಡಿಸುವ ಸ್ನಾಯುಗಳೊಂದಿಗೆ ಬೆಸೆದುಕೊಂಡು, ಕತ್ತಿನ ಪ್ಲಾಟಿಸ್ಮಾ ಸ್ನಾಯುವಿನವರೆಗೂ ಅದು ಮುಂದುವರಿಯುತ್ತದೆ. ಫ್ರಾನ್ಸಿನ ಮಿಟ್ಸ್ ಮತ್ತು ಪೆರೋನಿ 1976ರಲ್ಲಿ ಇದನ್ನು ವಿವರವಾಗಿ ಬಣ್ಣಿಸಿದರು. ಸರ್ಜನ್‌ಗಳ ಬಾಯಲ್ಲಿ ಇದರ ಹೆಸರು ‘ಸ್ಮಾಸ್’. ಕೆನ್ನೆ ಮತ್ತು ದವಡೆಯ ಪ್ರದೇಶದಲ್ಲಿ ಮುಖದ ನರದ ಕವಲುಗಳು ಈ ಪೊರೆಯ ಕೆಳಗೇ ಹರಿಯುತ್ತವೆ. ನಗು, ಕಣ್ಣು ಮುಚ್ಚುವುದು, ಹುಬ್ಬೇರಿಸುವುದು ಎಲ್ಲವೂ ಆ ಕವಲುಗಳ ಕೆಲಸ.

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್‌ನ ಯೂಜೆನ್ ಹೋಲೆಂಡರ್‌ರಂಥವರು ಮಾಡುತ್ತಿದ್ದದ್ದು ಕಿವಿಯ ಸುತ್ತ ಒಂದಿಷ್ಟು ಚರ್ಮ ಕತ್ತರಿಸಿ ಎಳೆದು ಹೊಲಿಯುವ ಕೆಲಸ. ಪ್ಯಾರಿಸ್‌ನಲ್ಲಿ ಸುಝಾನ್ ನೊಯೆಲ್ ಎಂಬ ವೈದ್ಯೆ ಇಂಥ ಚಿಕ್ಕ ಚಿಕ್ಕ ಆಪರೇಷನ್‌ಗಳಿಗೆ ಹೆಸರಾದರು. ವಯಸ್ಸು ಕಂಡಿತೆಂದು ದುಡಿಯುವ ಹೆಂಗಸರು ಕೆಲಸ ಕಳೆದುಕೊಳ್ಳಬಾರದು ಎಂಬುದು ಆಕೆಯ ಕಳಕಳಿ. ಬೇಗ ಕೆಲಸಕ್ಕೆ ಮರಳಬೇಕೆಂಬ ಒತ್ತಡ ಈ ಚಿಕಿತ್ಸೆಯಷ್ಟೇ ಹಳೆಯದು.

ಆದರೆ ಬರೀ ಚರ್ಮ ಎಳೆಯುವುದೆಂದರೆ ಗಾದಿ ಕುಸಿದಿರುವಾಗ ಮೇಲಿನ ಚಾದರವನ್ನಷ್ಟೇ ಬಿಗಿಯಾಗಿ ಹಾಸಿದಂತೆ. ಚರ್ಮ ಹಿಗ್ಗುವ ವಸ್ತು, ಮತ್ತೆ ಸಡಿಲವಾಗುತ್ತದೆ. ಬಿಗಿತವೆಲ್ಲ ಹೊಲಿಗೆಯ ಮೇಲೇ ಬಿದ್ದು ಕಲೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗಿದಂತಾಗುತ್ತದೆ. ಸ್ವೀಡನ್ನಿನ ಟಾರ್ಡ್ ಸ್ಕೂಗ್ 1970ರ ದಶಕದಲ್ಲಿ ಚರ್ಮವನ್ನೂ ಅದರಡಿಯ ಪದರವನ್ನೂ ಒಟ್ಟಿಗೆ ಎತ್ತುವ ದಾರಿ ತೋರಿಸಿದರು. ಅದನ್ನೇ ಮುಂದುವರಿಸಿ ಸ್ಯಾಮ್ ಹಮ್ರಾ 1990ರಲ್ಲಿ ‘ಡೀಪ್ ಪ್ಲೇನ್’ ವಿಧಾನವನ್ನು ಪ್ರಕಟಿಸಿದರು. ಇನ್ನೊಂದು ಕಡೆ ಬೆಲ್ಜಿಯಂನ ಟೊನಾರ್ಡ್ ಮತ್ತು ವರ್ಪೇಲ್ ಚಿಕ್ಕ ಗಾಯದಲ್ಲೇ ಒಳಗಿನ ಪದರವನ್ನು ಹೊಲಿಗೆಯಿಂದ ಮೇಲಕ್ಕೆ ತೂಗುಹಾಕುವ ‘ಮ್ಯಾಕ್ಸ್ ಲಿಫ್ಟ್’ ರೂಪಿಸಿದರು. ಎಷ್ಟು ಆಳ, ಎಷ್ಟು ಅಗಲ, ಎಷ್ಟು ಹೊತ್ತು: ವಿಧಾನಗಳ ವ್ಯತ್ಯಾಸ ಇಷ್ಟರಲ್ಲೇ ಇದೆ. ಚೇತರಿಕೆಯ ವ್ಯತ್ಯಾಸವೂ ಇದರಿಂದಲೇ ಬರುತ್ತದೆ.

ಯಾವ ವಿಧಾನಕ್ಕೆ ಎಷ್ಟು ದಿನ?

ಮುಂದೆ ಕೊಟ್ಟಿರುವುದು ತೊಡಕಿಲ್ಲದೆ ನಡೆದ ಚಿಕಿತ್ಸೆಗೆ ಸರ್ಜನ್‌ಗಳು ಸಾಮಾನ್ಯವಾಗಿ ಹೇಳುವ ಅವಧಿ. ವಯಸ್ಸು, ಚರ್ಮ, ಆರೋಗ್ಯಕ್ಕೆ ತಕ್ಕಂತೆ ಹಿಂದುಮುಂದಾಗುತ್ತದೆ.

ಥ್ರೆಡ್ ಲಿಫ್ಟ್: ಕರಗುವ ದಾರಗಳನ್ನು ಸೂಜಿಯ ಮೂಲಕ ಚರ್ಮದಡಿ ತೂರಿಸಿ ಎಳೆಯುವುದು. ಕತ್ತರಿಸುವ ಕೆಲಸವಿಲ್ಲ; ಆ ಜಾಗಕ್ಕಷ್ಟೇ ಅರಿವಳಿಕೆ ಸಾಕು; ಒಂದು ಗಂಟೆಯೊಳಗೆ ಮುಗಿಯುತ್ತದೆ. ಊತ ಮತ್ತು ನೀಲಿಗಟ್ಟುವಿಕೆ ಎರಡು ದಿನದಿಂದ ಒಂದು ವಾರ. ಆದರೆ ಎರಡು ಮೂರು ವಾರ ಬಾಯಿ ಅಗಲಿಸಿ ತೆರೆಯುವುದು, ದಂತವೈದ್ಯರ ಕುರ್ಚಿ, ಫೇಶಿಯಲ್, ಮಗ್ಗುಲಾಗಿ ಮಲಗುವುದು ಬೇಡ. ಪಿಡಿಒ ಎಂಬ ಜನಪ್ರಿಯ ದಾರ ಸುಮಾರು ಆರು ತಿಂಗಳಲ್ಲಿ ಕರಗಿಹೋಗುತ್ತದೆ. ಎತ್ತಿದ ಫಲವೂ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಇಳಿಯುತ್ತದೆ. ಹೆಚ್ಚುವರಿ ಚರ್ಮವನ್ನು ಇದು ತೆಗೆಯುವುದಿಲ್ಲ. ಹಾಗಾಗಿ ಇದನ್ನು ಫೇಸ್‌ಲಿಫ್ಟ್‌ಗೆ ಬದಲಿ ಎಂದು ನೋಡುವುದು ಸರಿಯಲ್ಲ.

ಮಿನಿ ಫೇಸ್‌ಲಿಫ್ಟ್, ಮ್ಯಾಕ್ಸ್ ಲಿಫ್ಟ್: ಗಾಯ ಬಹುಮಟ್ಟಿಗೆ ಕಿವಿಯ ಮುಂದಕ್ಕೇ ಸೀಮಿತ. ಚರ್ಮ ಬಿಡಿಸುವ ಪ್ರದೇಶ ಚಿಕ್ಕದು. ಆದ್ದರಿಂದ ಊತವೂ ಕಡಿಮೆ. ಕಚೇರಿಗೆ ಮರಳಲು 7ರಿಂದ 14 ದಿನ, ವ್ಯಾಯಾಮಕ್ಕೆ ನಾಲ್ಕು ವಾರ. ದವಡೆಯ ಅಂಚು ಈಗಷ್ಟೇ ಜೋಲುತ್ತಿರುವವರಿಗೆ ಇದು ಹೊಂದುತ್ತದೆ. ಕತ್ತು ತೀರಾ ಸಡಿಲವಾಗಿರುವವರು ಬೇಗ ಗುಣವಾಗುತ್ತದೆಂದು ಇದನ್ನೇ ಆರಿಸಿಕೊಂಡರೆ, ಎರಡು ವಾರದ ನೋವು ತಿಂದೂ ಕತ್ತು ಇದ್ದಂತೆಯೇ ಇರುತ್ತದೆ.

ಸ್ಮಾಸ್ ಫೇಸ್‌ಲಿಫ್ಟ್: ಪೊರೆಯನ್ನು ಮಡಚಿ ಹೊಲಿಯುವುದು, ಒಂದು ಪಟ್ಟಿ ಕತ್ತರಿಸಿ ಅಂಚು ಕೂಡಿಸುವುದು, ಇಲ್ಲವೇ ಅಗಲವಾಗಿ ಬಿಡಿಸಿ ಎತ್ತುವುದು, ಹೀಗೆ ಇದರಲ್ಲೇ ಒಳಬಗೆಗಳಿವೆ. ಗಾಯ ಕಿವಿಯ ಮುಂದಿನಿಂದ ಹಾಲೆಯ ಕೆಳಗೆ ಬಳಸಿ ಹಿಂದಿನ ಕೂದಲಿನವರೆಗೆ ಹೋಗುತ್ತದೆ. ಜನರ ಮುಂದೆ ಹೋಗಲು ಎರಡರಿಂದ ಮೂರು ವಾರ, ಭಾರದ ಕೆಲಸಕ್ಕೆ ನಾಲ್ಕರಿಂದ ಆರು ವಾರ.

ಡೀಪ್ ಪ್ಲೇನ್: ಸ್ಮಾಸ್ ಪೊರೆಯ ಕೆಳಗೆ ಹೋಗಿ, ಮುಖದ ಅಂಗಾಂಶಗಳನ್ನು ಮೂಳೆಗೆ ಕಟ್ಟಿಹಾಕಿರುವ ಬಂಧಗಳನ್ನು ಬಿಡಿಸಿ, ಚರ್ಮ ಮತ್ತು ಪೊರೆಯನ್ನು ಒಂದೇ ಪದರವಾಗಿ ಎತ್ತುವುದು. ಆಪರೇಷನ್ ದೀರ್ಘ. ಜನರ ಮುಂದೆ ಹೋಗಲು ಎರಡರಿಂದ ನಾಲ್ಕು ವಾರ. ಕೆನ್ನೆಯ ನಡುಭಾಗದ ಊತ ಆರು ವಾರದವರೆಗೂ ತುಸು ಉಳಿಯಬಹುದು. ಮುಖ ತನ್ನ ರೂಪಕ್ಕೆ ಬಂದು ನಿಲ್ಲಲು ಮೂರರಿಂದ ಆರು ತಿಂಗಳು.

ಕತ್ತಿನ ಲಿಫ್ಟ್: ಗದ್ದದ ಕೆಳಗೆ ಪ್ಲಾಟಿಸ್ಮಾ ಸ್ನಾಯುವಿನ ಎರಡು ಅಂಚುಗಳನ್ನು ಕೂಡಿಸಿ ಹೊಲಿದರೆ ಕೆಲವು ವಾರ ಕತ್ತು ಕಟ್ಟಿದಂತೆ ಬಿಗಿಯಾಗಿರುತ್ತದೆ. ಎರಡು ವಾರ ತಲೆ ಹೊರಳಿಸಬೇಕಾದರೆ ಭುಜವನ್ನೂ ಹೊರಳಿಸಬೇಕು. ಅಷ್ಟು ದಿನ ಕಾರು ಓಡಿಸುವ ಮಾತೇ ಇಲ್ಲ.

ಮೂಳೆಯ ಪೊರೆಯಡಿಯ ಲಿಫ್ಟ್: ಎಂಡೋಸ್ಕೋಪ್ ಬಳಸಿ ಕೆನ್ನೆಯ ಮೂಳೆಯವರೆಗೂ ಇಳಿಯುವ ವಿಧಾನ. ಹೊರಗಿನ ಗಾಯ ಚಿಕ್ಕದು, ಬಹುಪಾಲು ಕೂದಲಿನೊಳಗೆ ಅಡಗಿರುತ್ತದೆ. ಆದರೂ ಊತ ಇಳಿಯಲು ನಾಲ್ಕಾರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗಾಯದ ಉದ್ದ ನೋಡಿ ಚೇತರಿಕೆಯನ್ನು ಅಂದಾಜು ಮಾಡಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಆಳಕ್ಕಿಳಿದಷ್ಟೂ ನಿಧಾನವೇ?

ಹಾಗೆಂದು ಆಳದ ಆಪರೇಷನ್ ಎಂದರೆ ಕಡ್ಡಾಯವಾಗಿ ಹೆಚ್ಚು ನೋವು, ಹೆಚ್ಚು ನೀಲಿ ಎನ್ನುವಂತಿಲ್ಲ. ಚರ್ಮಕ್ಕೆ ರಕ್ತ ಒದಗಿಸುವ ಸಣ್ಣ ನಾಳಗಳ ಜಾಲ ಚರ್ಮಕ್ಕೂ ಸ್ಮಾಸ್‌ಗೂ ನಡುವೆ ದಟ್ಟವಾಗಿದೆ. ಚರ್ಮವನ್ನು ಅಗಲವಾಗಿ ಬಿಡಿಸುವ ವಿಧಾನಗಳಲ್ಲಿ ಈ ಜಾಲವನ್ನೇ ಕತ್ತರಿಸಬೇಕಾಗುತ್ತದೆ. ಡೀಪ್ ಪ್ಲೇನ್‌ನಲ್ಲಿ ಚರ್ಮ ಮತ್ತು ಪೊರೆ ಒಟ್ಟಿಗೇ ಉಳಿಯುವುದರಿಂದ ಚರ್ಮದ ರಕ್ತಪೂರೈಕೆ ಚೆನ್ನಾಗಿರುತ್ತದೆ. ಬಿಗಿತವನ್ನು ಒಳಪದರ ಹೊರುವುದರಿಂದ ಹೊರಗಿನ ಹೊಲಿಗೆ ನಿರಾಳವಾಗಿ ಕೂಡುತ್ತದೆ. ಹೀಗಾಗಿ ತಮ್ಮ ರೋಗಿಗಳಲ್ಲಿ ನೀಲಿಗಟ್ಟುವುದು ಕಡಿಮೆ ಎಂದು ಈ ವಿಧಾನದ ಪರವಾಗಿರುವ ಸರ್ಜನ್‌ಗಳು ಹೇಳುತ್ತಾರೆ. ಇನ್ನೊಂದು ಪಕ್ಷದವರು ಊತ ಹೆಚ್ಚು ಕಾಲ ನಿಲ್ಲುವುದನ್ನೂ, ನರಗಳ ಹತ್ತಿರ ಕೆಲಸ ಮಾಡುವ ಅಪಾಯವನ್ನೂ ಮುಂದಿಡುತ್ತಾರೆ. ಎರಡರಲ್ಲೂ ಸತ್ಯವಿದೆ. ಇನ್ನು ಕೊನೆಯ ಫಲದ ಮಾತಿಗೆ ಬಂದರೆ, 1996ರಲ್ಲಿ ನ್ಯೂಯಾರ್ಕಿನ ಸರ್ಜನ್‌ಗಳು ಒಂದೇ ಮುಖದ ಒಂದು ಕೆನ್ನೆಗೆ ಸರಳ ಸ್ಮಾಸ್ ವಿಧಾನ, ಇನ್ನೊಂದು ಕೆನ್ನೆಗೆ ವಿಸ್ತಾರವಾದ ವಿಧಾನ ಅನುಸರಿಸಿ ಹೋಲಿಸಿದ್ದರು. ಆರು ತಿಂಗಳು ಮತ್ತು ಒಂದು ವರ್ಷದ ಹೊತ್ತಿಗೆ ಎರಡು ಬದಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ.

ಎಲ್ಲ ಆಪರೇಷನ್‌ಗಳ ಮೊದಲ ಎರಡು ವಾರ

ಮೊದಲ 24 ಗಂಟೆ ಎಲ್ಲಕ್ಕಿಂತ ಮುಖ್ಯ. ಚರ್ಮದಡಿ ರಕ್ತ ತುಂಬಿಕೊಳ್ಳುವ ಹೆಮಟೋಮಾ ಫೇಸ್‌ಲಿಫ್ಟ್‌ನ ಅತಿ ಸಾಮಾನ್ಯ ತೊಡಕು. ನೂರರಲ್ಲಿ ಒಬ್ಬರಿಂದ ಮೂವರಿಗೆ ಆಗುತ್ತದೆ. ಗಡ್ಡದ ಕೂದಲ ಬುಡಕ್ಕೆ ಹೆಚ್ಚು ರಕ್ತ ಹರಿಯುವುದರಿಂದ ಗಂಡಸರಲ್ಲಿ ಇನ್ನೂ ಹೆಚ್ಚು. ಒಂದೇ ಬದಿಯಲ್ಲಿ ದಿಢೀರನೆ ಊತ, ಬಿಗಿತ, ಜೋರು ನೋವು ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಆ ಕ್ಷಣವೇ ಸರ್ಜನ್‌ಗೆ ಫೋನ್ ಮಾಡಬೇಕು. ರಕ್ತದೊತ್ತಡ ಏರದಂತೆ ನೋಡಿಕೊಳ್ಳುವುದು, ವಾಂತಿ ಕೆಮ್ಮು ಬಾರದಂತೆ ತಡೆಯುವುದು, ಬಗ್ಗದಿರುವುದು ಇದೇ ಕಾರಣಕ್ಕೆ. ಕೆಲವರು ಕಿವಿಯ ಹಿಂದೆ ಡ್ರೈನ್ ಕೊಳವೆ ಇಡುತ್ತಾರೆ. ಅದರಿಂದ ನೀಲಿಗಟ್ಟುವುದು ಕಡಿಮೆಯಾಗುತ್ತದೆ, ಹೆಮಟೋಮಾ ಮಾತ್ರ ತಪ್ಪುವುದಿಲ್ಲ ಎಂದು ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಬ್ರೆಜಿಲ್‌ನ ಔವರ್ಸ್‌ವಾಲ್ಡ್ ಸೋದರರು ಚರ್ಮವನ್ನು ಒಳಪದರಕ್ಕೆ ಒತ್ತಿ ಹಿಡಿಯುವಂತೆ ಹೊರಗಿನಿಂದಲೇ ಬಲೆಯಂತೆ ಹೊಲಿಗೆ ಹಾಕುವ ಕ್ರಮ ರೂಢಿಗೆ ತಂದರು. ಎರಡು ಮೂರು ದಿನದಲ್ಲಿ ಆ ಹೊಲಿಗೆ ತೆಗೆಯುತ್ತಾರೆ. ಜಪಾನಿನ ಉಟಾಕೊ ಒಕಾಮೊಟೊ 1960ರ ದಶಕದಲ್ಲಿ ಜಗತ್ತಿಗೆ ಕೊಟ್ಟ ಟ್ರಾನೆಕ್ಸಾಮಿಕ್ ಆಮ್ಲವನ್ನು ರಕ್ತಸ್ರಾವ ತಗ್ಗಿಸಲು ಈಗ ಫೇಸ್‌ಲಿಫ್ಟ್‌ನಲ್ಲೂ ಬಳಸುತ್ತಾರೆ. ವಿಧಾನದ ಹೆಸರಿಗಿಂತ ಇಂಥ ಎಚ್ಚರಿಕೆಗಳೇ ಎಷ್ಟೋ ಸಲ ಚೇತರಿಕೆಯ ದಿನಗಳನ್ನು ಇಳಿಸುತ್ತವೆ.

ಎರಡನೇ ಮೂರನೇ ದಿನಕ್ಕೆ ಊತ ತುದಿ ಮುಟ್ಟುತ್ತದೆ. ಆಪರೇಷನ್ ಆದ ಕೂಡಲೇ ಪರವಾಗಿಲ್ಲ ಎನಿಸಿದ ಮುಖ ಮೂರನೇ ದಿನ ಗುರುತು ಸಿಗದಂತಾಗುತ್ತದೆ. ಸರಿಯಾಗಿ ಇದೇ ಹೊತ್ತಿಗೆ ಮನಸ್ಸೂ ಕುಸಿಯುತ್ತದೆ. ‘ಯಾಕಾದರೂ ಮಾಡಿಸಿಕೊಂಡೆನೋ’ ಎಂಬ ಅಳು ಎಷ್ಟೋ ಜನರಿಗೆ ಬರುತ್ತದೆ. ಒಂದೆರಡು ವಾರದಲ್ಲಿ ತಾನಾಗಿ ತಿಳಿಯಾಗುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಬೇಕು. ಆ ದಿನಗಳಲ್ಲಿ ‘ಸುಮ್ಮನೆ ಇರಬಾರದಿತ್ತೇ’ ಎಂಬ ಒಂದು ಮಾತು ಸಾಕು, ಗಾಯಕ್ಕಿಂತ ಹೆಚ್ಚು ನೋಯಿಸಲು.

ನಾಲ್ಕೈದು ದಿನ ಕಳೆದರೆ ನೀಲಿ ಬಣ್ಣ ಕೆನ್ನೆಯಿಂದ ಕತ್ತಿಗೆ, ಕತ್ತಿನಿಂದ ಎದೆಯ ಮೇಲ್ಭಾಗಕ್ಕೆ ಇಳಿದು ಹಸಿರು, ಹಳದಿಗೆ ತಿರುಗುತ್ತದೆ. ಹೊಸದಾಗಿ ರಕ್ತ ಸೋರುತ್ತಿದೆ ಎಂದು ಗಾಬರಿಪಡಬೇಕಿಲ್ಲ, ಹಳೆಯದೇ ಕೆಳಕ್ಕಿಳಿಯುತ್ತಿರುತ್ತದೆ. ಐದರಿಂದ ಏಳನೇ ದಿನ ಕಿವಿಯ ಮುಂದಿನ ಹೊಲಿಗೆ, ಹತ್ತರಿಂದ ಹದಿನಾಲ್ಕನೇ ದಿನ ಕಿವಿಯ ಹಿಂದಿನ ಹೊಲಿಗೆ ಮತ್ತು ಕೂದಲೊಳಗಿನ ಕ್ಲಿಪ್ಪುಗಳನ್ನು ತೆಗೆಯುತ್ತಾರೆ.

ಅವಸರಕ್ಕೆ ಬಗ್ಗದ ಜೀವಶಾಸ್ತ್ರ

ಹೊಲಿಗೆ ತೆಗೆದ ಮಾತ್ರಕ್ಕೆ ಗಾಯ ಗಟ್ಟಿಯಾಯಿತು ಎಂದಲ್ಲ. ಶಸ್ತ್ರಚಿಕಿತ್ಸೆಯ ಪಠ್ಯಗಳು ಕೊಡುವ ಲೆಕ್ಕದಂತೆ ಒಂದು ವಾರದ ಗಾಯಕ್ಕೆ ಇರುವ ಬಲ ಮೂಲ ಚರ್ಮದ ಸುಮಾರು ಶೇ 3 ಮಾತ್ರ. ಮೂರು ವಾರಕ್ಕೆ ಶೇ 20ರಿಂದ 30. ಮೂರು ತಿಂಗಳಿಗೆ ಶೇ 80ರ ಹತ್ತಿರ ಬಂದು ಅಲ್ಲಿಗೇ ನಿಲ್ಲುತ್ತದೆ. ಮಿನಿ ಲಿಫ್ಟ್ ಆಗಲಿ, ಡೀಪ್ ಪ್ಲೇನ್ ಆಗಲಿ, ಗಾಯವನ್ನು ಬೆಸೆಯುವ ಕೊಲ್ಯಾಜೆನ್ ನಾರು ನೇಯ್ದುಕೊಳ್ಳುವ ವೇಗ ಒಂದೇ. ನಾಲ್ಕು ವಾರಕ್ಕೆ ಮುಂಚೆ ಜಿಮ್, ಸೂರ್ಯ ನಮಸ್ಕಾರ, ಶೀರ್ಷಾಸನ, ನೀರಿನ ಕೊಡ ಎತ್ತುವುದು ಬೇಡ ಎನ್ನುವುದು ಈ ಕಾರಣಕ್ಕೆ.

ನರಗಳ ಲೆಕ್ಕ ಇನ್ನೂ ನಿಧಾನ. ಕಿವಿಯ ಮುಂದೆ ಮತ್ತು ಕೆನ್ನೆಯಲ್ಲಿ ಮರಗಟ್ಟುವಿಕೆ ಎಲ್ಲರಿಗೂ ಸ್ವಲ್ಪ ಇದ್ದೇ ಇರುತ್ತದೆ. ವಾರಗಳಿಂದ ತಿಂಗಳುಗಳಲ್ಲಿ ಮರಳುತ್ತದೆ. ಫೇಸ್‌ಲಿಫ್ಟ್‌ನಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರಕ್ಕೆ. ನಗುವಿನ ಮೇಲೆ ಪರಿಣಾಮ ಬೀರುವ ಮುಖದ ನರದ ದೌರ್ಬಲ್ಯ ವಿರಳ. ಬಂದರೂ ಬಹುತೇಕ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಆ ಒಬ್ಬರು ತಾವೇ ಆಗಬಹುದು ಎಂಬ ಅರಿವು ಸಹಿ ಹಾಕುವವರಿಗೆ ಇರಬೇಕು.

ನಮ್ಮ ಚರ್ಮ, ನಮ್ಮ ರೂಢಿ

ಚೇತರಿಕೆಯ ಕುರಿತ ಬರಹಗಳು ಬಹುಪಾಲು ಬಿಳಿಯರ ಚರ್ಮವನ್ನು ಗಮನದಲ್ಲಿಟ್ಟು ಬರೆದವು. ನಮ್ಮ ಚರ್ಮ ತುಸು ದಪ್ಪ, ಮೆಲನಿನ್ ಹೆಚ್ಚು. ಸಣ್ಣ ಸುಕ್ಕುಗಳು ತಡವಾಗಿ ಬರುತ್ತವೆ. ಜೋಲುವುದೇ ಮೊದಲು ಕಾಣುತ್ತದೆ. ಆದರೆ ಗಾಯದ ಸುತ್ತ ಕಪ್ಪಾಗುವುದು, ಗೆರೆ ಉಬ್ಬುವುದು, ಕೀಲಾಯ್ಡ್ ಎಂಬ ಗಂಟು ಬೆಳೆಯುವುದು ನಮ್ಮಲ್ಲಿ ಹೆಚ್ಚು. ಕಿವಿ ಚುಚ್ಚಿಸಿದಾಗಲೋ ಹಳೆಯ ಗಾಯದಲ್ಲೋ ಗಂಟು ಬೆಳೆದಿದ್ದರೆ ಅದನ್ನು ಸರ್ಜನ್‌ಗೆ ತಪ್ಪದೆ ಹೇಳಬೇಕು. ನೀಲಿಗಟ್ಟಿದ ಚರ್ಮಕ್ಕೆ ಬಿಸಿಲು ತಾಗಿದರೆ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾಡಿಸಿಕೊಂಡವರಿಗೆ ಮನೆಯೊಳಗಿನ ದಿನಗಳು ಹೆಚ್ಚೇ ಬೇಕು. ಗಾಯ ಒಣಗಿದ ಮೇಲೆ ಸನ್‌ಸ್ಕ್ರೀನ್ ತಿಂಗಳುಗಳ ಕಾಲ ತಪ್ಪಬಾರದು.

ಊತ ಎಂದರೆ ಶಾಖ ಕೊಡುವುದು ನಮ್ಮ ಮನೆಗಳ ವಾಡಿಕೆ. ಇಲ್ಲಿ ಅದು ಅಪಾಯ. ಮರಗಟ್ಟಿದ ಕೆನ್ನೆಗೆ ಬಿಸಿ ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಬಂದ ಮೇಲಷ್ಟೇ ಗೊತ್ತಾಗುತ್ತದೆ. ಬಿಸಿನೀರಿನ ಚೀಲ, ಹೇರ್ ಡ್ರೈಯರ್, ನೇರವಾಗಿ ಒತ್ತುವ ಮಂಜುಗಡ್ಡೆ ಯಾವುದೂ ಬೇಡ. ಗಾಯಕ್ಕೆ ಅರಿಶಿನ ಹಚ್ಚುವುದೂ ಬೇಡ. ಮೊದಲ ವಾರ ಗಂಜಿ, ಇಡ್ಲಿ, ಮೆತ್ತನೆಯ ಅನ್ನ ಸಾರು ಸಾಕು. ಕಟಕ್ ರೊಟ್ಟಿ, ಚಕ್ಕುಲಿ, ಕೊಬ್ಬರಿ ಕಾಯಲಿ. ತಲೆಯ ಮೇಲಿಂದ ಎಳೆದು ಹಾಕುವ ಬಟ್ಟೆಯ ಬದಲು ಮುಂದೆ ಗುಂಡಿಯಿರುವ ಅಂಗಿ ಅಥವಾ ನೈಟಿ ಅನುಕೂಲ.

ಓಲೆ, ಜುಮುಕಿ, ಮಾಟಿ ನಾಲ್ಕರಿಂದ ಆರು ವಾರ ಪೆಟ್ಟಿಗೆಯಲ್ಲೇ ಇರಬೇಕು. ಹಾಲೆ ಮರಗಟ್ಟಿರುವಾಗ ಭಾರದ ಆಭರಣ ಜಗ್ಗಿದರೂ ತಿಳಿಯುವುದಿಲ್ಲ. ತಲೆಗೆ ಬಣ್ಣ ಹಚ್ಚುವುದಿದ್ದರೆ ಆಪರೇಷನ್‌ಗೆ ಮುಂಚೆಯೇ ಮುಗಿಸಬೇಕು. ಆಮೇಲೆ ಕನಿಷ್ಠ ನಾಲ್ಕು ವಾರ ಬೇಡ. ಹೆಲ್ಮೆಟ್ ಕಿವಿಯನ್ನು ಮಡಚಿ ಒತ್ತುವುದರಿಂದ ಸರ್ಜನ್ ಒಪ್ಪುವವರೆಗೆ ಸ್ಕೂಟರ್, ಬೈಕು ಮುಟ್ಟುವಂತಿಲ್ಲ. ಹೆಲ್ಮೆಟ್ ಬಿಟ್ಟು ಓಡಿಸುವ ಯೋಚನೆಯೂ ಸಲ್ಲದು. ಗಂಡಸರಿಗೆ ಗಡ್ಡದ ಚರ್ಮ ಹಿಂದಕ್ಕೆ ಸರಿದು ಕಿವಿಯ ಹಿಂದೆಯೂ ಕ್ಷೌರ ಮಾಡಬೇಕಾಗಿ ಬರಬಹುದು. ಮರಗಟ್ಟಿದ ಕೆನ್ನೆಯ ಮೇಲೆ ಬ್ಲೇಡು ಆಡಿಸುವಾಗ ವಿಶೇಷ ಎಚ್ಚರ ಬೇಕು.

ಅಮೆರಿಕ, ಕೊಲ್ಲಿ ದೇಶಗಳಿಂದ ರಜೆಗೆ ಬಂದು ಇಲ್ಲಿ ಮಾಡಿಸಿಕೊಂಡು ಮರಳುವ ಕನ್ನಡಿಗರು ಒಂದು ಮಾತು ಗಮನಿಸಬೇಕು. ಎರಡು ವಾರ ತುಂಬುವ ಮುಂಚೆ ದೀರ್ಘ ವಿಮಾನಯಾನ ಒಳ್ಳೆಯದಲ್ಲ. ಊತ ಹೆಚ್ಚುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಮರಳಿದ ಮೇಲೆ ತೊಡಕು ಬಂದರೆ ಅಲ್ಲಿ ನೋಡುವವರು ಯಾರು ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮುಂಚೆ ತೀರ್ಮಾನಿಸಿರಬೇಕು.

ದಿನಗಳನ್ನು ಹಿಗ್ಗಿಸುವ ಸಂಗತಿಗಳು

ಸಿಗರೇಟು, ಬೀಡಿ ಎಲ್ಲಕ್ಕಿಂತ ದೊಡ್ಡ ಶತ್ರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎತ್ತಿ ಹೊಲಿದ ಚರ್ಮದ ಅಂಚಿಗೆ ರಕ್ತ ತಲುಪದೆ ಅದು ಕಪ್ಪಾಗಿ ಸಾಯುತ್ತದೆ. ಫೇಸ್‌ಲಿಫ್ಟ್‌ನಲ್ಲಿ ಹೀಗೆ ಚರ್ಮ ಸಾಯುವ ಸಂಭವ ಸೇದುವವರಲ್ಲಿ ಸೇದದವರಿಗಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚು ಎಂದು 1984ರ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ಮತ್ತು ನಾಲ್ಕು ವಾರ ನಂತರ ಬಿಡಲೇಬೇಕು. ಗುಟ್ಕಾ, ಹೊಗೆಸೊಪ್ಪು, ನಿಕೋಟಿನ್ ಗಮ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಗಾಯವನ್ನು ನಿಧಾನಗೊಳಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಬಿಪಿ ಇರುವವರಿಗೆ ಹೆಮಟೋಮಾ ಭಯ ಹೆಚ್ಚು. ಆಸ್ಪಿರಿನ್, ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಸೇವಿಸುವ ಪ್ರತಿಯೊಂದು ಮಾತ್ರೆ, ಕಷಾಯ, ಚೂರ್ಣದ ಪಟ್ಟಿಯನ್ನು ಸರ್ಜನ್‌ಗೆ ಕೊಡಬೇಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು.

ಜೊತೆಗೆ ಮಾಡಿಸುವ ಇತರ ಚಿಕಿತ್ಸೆಗಳೂ ಲೆಕ್ಕ ಬದಲಿಸುತ್ತವೆ. ಕಣ್ಣುರೆಪ್ಪೆಯ ಆಪರೇಷನ್ ಸೇರಿದರೆ ಕಣ್ಣ ಸುತ್ತ ನೀಲಿ ಎರಡು ವಾರ. ಕೊಬ್ಬು ತುಂಬಿಸಿದರೆ ಊತ ಮೂರು ನಾಲ್ಕು ವಾರ. ಲೇಸರ್ ಸೇರಿದರೆ ಕೆಂಪು ತಿಂಗಳುಗಟ್ಟಲೆ ಉಳಿಯಬಹುದು, ಕಂದು ಚರ್ಮಕ್ಕೆ ಕಪ್ಪುಕಲೆಯ ಭಯವೂ ಇದೆ. ಮಿನಿ ಲಿಫ್ಟ್‌ಗೆ ಈ ಮೂರೂ ಸೇರಿದರೆ ಬರೀ ಡೀಪ್ ಪ್ಲೇನ್‌ಗಿಂತ ಹೆಚ್ಚು ದಿನ ಬೇಕಾಗಬಹುದು.

ಮದುವೆ, ಗೃಹಪ್ರವೇಶದಂಥ ಸಮಾರಂಭಕ್ಕೆ ಮುಂಚೆ ಮಾಡಿಸಿಕೊಳ್ಳುವವರು ಮಿನಿ ಲಿಫ್ಟ್‌ಗೆ ಕನಿಷ್ಠ ಆರು ವಾರ, ಸ್ಮಾಸ್ ಮತ್ತು ಡೀಪ್ ಪ್ಲೇನ್‌ಗೆ ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಲಿ. ಹತ್ತಿರದಿಂದ ತೆಗೆಯುವ ಫೋಟೋಗಳಲ್ಲಿ ಮುಖ ಸಹಜವಾಗಿ ಕಾಣಬೇಕೆಂದರೆ ಆರು ತಿಂಗಳು ಒಳ್ಳೆಯದು.

ಸಹಿ ಹಾಕುವ ಮುಂಚೆ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಒಳಗಾದ ಯುವ ಕಿರುತೆರೆ ನಟಿಯೊಬ್ಬರು ಮೃತಪಟ್ಟಿದ್ದನ್ನು ನಾಡು ಮರೆತಿಲ್ಲ. ಅದು ಫೇಸ್‌ಲಿಫ್ಟ್ ಆಗಿರಲಿಲ್ಲ. ಆದರೂ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯೂ ಶಸ್ತ್ರಚಿಕಿತ್ಸೆಯೇ ಎಂಬುದನ್ನು ಅದು ಕಟುವಾಗಿ ನೆನಪಿಸಿತು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ, ಆಸ್ಪತ್ರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವೇ, ಅರಿವಳಿಕೆ ತಜ್ಞರು ಯಾರು, ತುರ್ತು ಬಂದರೆ ಐಸಿಯು ಎಲ್ಲಿದೆ ಎಂದು ಕೇಳುವುದು ರೋಗಿಯ ಹಕ್ಕು. ಬರೀ ಸೌಂದರ್ಯಕ್ಕಾಗಿ ಮಾಡಿಸುವ ಆಪರೇಷನ್‌ಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಜಿಎಸ್‌ಟಿಯೂ ಸೇರುತ್ತದೆ. ಸಂಬಳವಿಲ್ಲದ ರಜೆಯ ದಿನಗಳನ್ನೂ, ನೋಡಿಕೊಳ್ಳುವವರ ರಜೆಯನ್ನೂ ಖರ್ಚಿನಲ್ಲೇ ಹಿಡಿಯಬೇಕು.

ಆಮೇಲೆ ಚೇತರಿಕೆಯ ಬಗ್ಗೆ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿ. ನೀವು ಹೇಳುವ ‘ಹತ್ತು ದಿನ’ದ ಕೊನೆಗೆ ನನ್ನ ಮುಖ ಹೇಗಿರುತ್ತದೆ? ನಿಮ್ಮದೇ ರೋಗಿಗಳ ಏಳನೇ ದಿನ, ಹದಿನಾಲ್ಕನೇ ದಿನ, ಮೂರನೇ ತಿಂಗಳ ಫೋಟೋಗಳನ್ನು ಅವರ ಒಪ್ಪಿಗೆ ಪಡೆದು ತೋರಿಸಬಲ್ಲಿರಾ? ಮೊದಲ ರಾತ್ರಿ ನನ್ನನ್ನು ನೋಡುವವರು ಯಾರು? ಹೆಮಟೋಮಾ ಆದರೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ? ಇದಕ್ಕಿಂತ ಚಿಕ್ಕ ಆಪರೇಷನ್ ನನ್ನ ಮುಖಕ್ಕೆ ಸಾಕಾಗುತ್ತದೆಯೇ, ಸಾಲದಿದ್ದರೆ ಏಕೆ? ಇವಕ್ಕೆ ಬೇಸರವಿಲ್ಲದೆ, ಬಿಡಿಸಿ ಉತ್ತರ ಹೇಳುವ ಸರ್ಜನ್‌ನನ್ನೇ ನಂಬಿ.

ವಿಧಾನ ಆರಿಸಬೇಕಾದದ್ದು ಮುಖದ ಅಗತ್ಯ ನೋಡಿ. ರಜೆಯನ್ನು ಆ ವಿಧಾನಕ್ಕೆ ಹೊಂದಿಸಬೇಕು. ಇರುವ ರಜೆಗೆ ತಕ್ಕ ಆಪರೇಷನ್ ಹುಡುಕಿದವರು ಎಷ್ಟೋ ಸಲ ಎರಡನೇ ಬಾರಿ ಮೇಜು ಹತ್ತಬೇಕಾಗುತ್ತದೆ. ಬೇಕಾದಷ್ಟು ದಿನ ಈಗ ಕೈಯಲ್ಲಿಲ್ಲದಿದ್ದರೆ ಮುಂದಕ್ಕೆ ಹಾಕಿ. ಫೇಸ್‌ಲಿಫ್ಟ್ ತುರ್ತು ಚಿಕಿತ್ಸೆಯಲ್ಲ. ಒಂದು ವರ್ಷ ತಡವಾದರೂ, ಮಾಡಿಸಿಕೊಳ್ಳದೇ ಇದ್ದರೂ, ಆರೋಗ್ಯಕ್ಕೆ ಯಾವ ನಷ್ಟವೂ ಇಲ್ಲ.